ಮಣ್ಣಿನ ಕ್ಯಾಮೆರಾ

ಐಶ್ವರ್ಯಳಿಗೆ ಬೇಕಾಗಿದ್ದದ್ದು ರೀಲು ಹಾಕುವ ಕ್ಯಾಮೆರಾದ ಬಾಡಿ ಮಾತ್ರ. ಲೆನ್ಸ್ ಆಗಲೇ ಕೈಗೆ ಬಂದಿತ್ತು. ಸಿಂಧನೂರಿನಲ್ಲಿ ಅವಳು ಕೆಲಸ ಮಾಡುವ ಸ್ಟುಡಿಯೋದ ಮಾಲೀಕ ಫೈಜಲ್, ಅಂಗಡಿಗೆ ಬಣ್ಣ ಹೊಡೆಸುವಾಗ ಮೇಲಿನ ಕಪಾಟಿನಿಂದ ಇಳಿದ ಹಳೇ ಸಾಮಾನಿನಲ್ಲಿ ಅದನ್ನು ಕಂಡು, "ನಮ್ಮ ಅಬ್ಬಾನ ಕಾಲದ್ದು. ಬೇಕಂದ್ರ ಇಟ್ಕೋ," ಎಂದು ಅವಳ ಕಂಪ್ಯೂಟರಿನ ಪಕ್ಕ ಇಟ್ಟು ಹೋಗಿದ್ದ.

ಅವಳಿಗೆ ಮೂವತ್ತು ವರ್ಷ. ಒಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಮದುವೆ ಆಲ್ಬಮ್ ಮಾಡುತ್ತಿದ್ದಳು. ಮುಚ್ಚಿದ ಕಣ್ಣು ತೆರೆಸುವುದರಲ್ಲಿ ಅವಳ ಕೈಗೆ ಹೆಸರಿತ್ತು. ಅಕ್ಕಿಕಾಳು ಬೀಳುವಾಗ ಮದುಮಗಳು ರೆಪ್ಪೆ ಮುಚ್ಚಿರುತ್ತಾಳೆ. ಬೇರೊಂದು ಫೋಟೊದಿಂದ ಅವಳವೇ ಕಣ್ಣು ಎತ್ತಿ ತಂದು ಕೂಡಿಸಿದರೆ ಹಡೆದವ್ವನಿಗೂ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಹತ್ತು ಹದಿನೈದು ಜೋಡಿ ಕಣ್ಣು. ಅದೇ ಮಾಡಿ ಮಾಡಿ, ಒತ್ತಿದ ಮೇಲೆ ಯಾರೂ ತಿದ್ದಲು ಬಾರದಂಥ ಫೋಟೊ ಒಂದನ್ನಾದರೂ ತಾನು ತೆಗೆಯಬೇಕು ಎಂಬ ಆಸೆ ಹುಟ್ಟಿತ್ತು.

ಒಂದು ಭಾನುವಾರ ಲೆನ್ಸನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಲಿಂಗಸುಗೂರಿಗೆ ಹೋದಳು. ಅಲ್ಲಿ ಗಡಿಯಾರ ರಿಪೇರಿ ಮಾಡುವ ನಿಯಾಜ್ ಹಿಂದೆ ಕ್ಯಾಮೆರಾ ಕೂಡ ಬಿಚ್ಚುತ್ತಿದ್ದನಂತೆ. ಅವನು ಲೆನ್ಸಿನ ಹಿಂಬದಿಯ ಹಲ್ಲುಗಳ ಮೇಲೆ ಬೆರಳಾಡಿಸಿ, "ಇದು ಪೆಂಟಾಕ್ಸಿಂದು. ಬ್ಯಾರೆ ಕಂಪನಿ ಬಾಡಿಗೆ ಕೂಡಂಗಿಲ್ಲ," ಅಂದ. ಹಳೇ ಬಾಡಿ ಆರಿಸುವುದು ಹೇಗೆಂದು ಹೇಳಿಕೊಟ್ಟ. ಹಿಂದಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ಒಂದೊಂದೇ ವೇಗದಲ್ಲಿ ಒತ್ತಬೇಕು, ಒಳಗಿನ ಶಟರಿನ ಪರದೆ ಮಿಟುಕಿ ಮುಚ್ಚುವ ಸಪ್ಪಳ ಕೇಳಬೇಕು, ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದೆಯೇ ನೋಡಬೇಕು, ಮೇಲಿನ ಹೊಳಪಿಗೆ ಮರುಳಾಗಬಾರದು.

"ನನ್ನ ಹತ್ರ ಇಲ್ಲ. ಮಸ್ಕ್ಯಾಗ ಇಸ್ಮಾಯಿಲ್‌ಸಾಬ್ ಅಂತ ಅದಾರ. ನೂರ್ ಸ್ಟುಡಿಯೋ ಇತ್ತಲ್ಲ, ಅವರು. ಎರಡು ಬಾಡಿ ಇಟ್ಕೊಂಡು ಕುಂತಾರ. ಅವರು ಯಾವದು ಕೊಡ್ತಾರ ಅದನ್ನ ತಗೊಂಡು ಬಾ. ಆರಸಾಕ ಹೋಗಬ್ಯಾಡ."

"ಈಗಷ್ಟ ಆರಸೋದು ಹೇಳಿಕೊಟ್ರೆಲ್ರಿ. ಯಾಕ ಬ್ಯಾಡ?"

ನಿಯಾಜ್ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಿಚ್ಚಿಟ್ಟ ಗಡಿಯಾರದ ಮೇಲೆ ಬಗ್ಗಿದ.

ಐಶ್ವರ್ಯಳಿಗೆ ಆ ಮಾತಿಗಿಂತ ಸ್ಟುಡಿಯೋದ ಹೆಸರೇ ಕಿವಿಯಲ್ಲಿ ಉಳಿಯಿತು. ಗೊರೇಬಾಳದ ಅವಳ ಮನೆಯಲ್ಲಿ ಗೋಡೆಗೆ ತೂಗಿಹಾಕಿದ್ದ ಅಪ್ಪನ ಫೋಟೊದ ಬೆನ್ನಿಗೆ ನೀಲಿ ಠಸ್ಸೆ ಇತ್ತು: ನೂರ್ ಸ್ಟುಡಿಯೋ, ಮಸ್ಕಿ. ಅದರ ಕೆಳಗೆ ಶಾಯಿಯಲ್ಲಿ ಬರೆದ ಒಂದು ನಂಬರು, 411.

ಅಪ್ಪ ಸಂಗನಬಸವ ಹೋದಾಗ ಅವಳಿಗೆ ಮೂರು ವರ್ಷ. ಗದ್ದೆಗೆ ನೀರು ತಿರುವಲು ಹೋದಲ್ಲಿ ಹಾವು ಕಡಿದಿತ್ತು. ಮನೆಯಲ್ಲಿದ್ದ ಅವನ ಫೋಟೊ ಅದೊಂದೇ. ತಲೆಗೆ ರುಮಾಲು, ಹಣೆಗೆ ವಿಭೂತಿ, ಕೊರಳಲ್ಲಿ ಹೂವಿನ ಮಾಲೆ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಾನೆ. ಪಕ್ಕದಲ್ಲಿ ಅವನ ಬೆರಳು ಹಿಡಿದು ನಿಂತ ಐಶ್ವರ್ಯ. ಅವ್ವ ಕಸ್ತೂರೆಮ್ಮ ಹೇಳುತ್ತಿದ್ದದ್ದು ಇಷ್ಟು: ಬಸವ ಜಯಂತಿ ದಿನ ಊರವರು ಮಾಲೆ ಹಾಕಿದ್ದರು, ಆವತ್ತು ತೆಗೆಸಿದ್ದು, ಅದಾದ ಒಂದು ತಿಂಗಳಿಗೆ ಅಪ್ಪ ಹೋದ. ಅಪ್ಪನ ಬಗ್ಗೆ ಐಶ್ವರ್ಯಳ ತಲೆಯಲ್ಲಿ ಉಳಿದಿದ್ದ ನೆನಪೂ ಆ ಬೆರಳೇ. ತಣ್ಣಗಿನ ಬೆರಳು. ಕಾಲುವೆಯಲ್ಲಿ ಕೈ ತೊಳೆದುಕೊಂಡು ಬಂದಿದ್ದ ಅಂತ ಅವಳೇ ಯಾವಾಗಲೋ ಅಂದುಕೊಂಡಿದ್ದಳು. ಮನೆಗೆ ಬಂದವರೆಲ್ಲ ಫೋಟೊ ನೋಡಿ, ಅವಳನ್ನು ನೋಡಿ, "ಅಪ್ಪನ ಕಣ್ಣ ಇಟ್ಕೊಂಡು ಹುಟ್ಟ್ಯಾಳ," ಅನ್ನುತ್ತಿದ್ದರು. ದಿನಾ ಮಂದಿಯ ಕಣ್ಣು ಕಿತ್ತು ಕೂಡಿಸುವವಳು ಆ ಫೋಟೊವನ್ನು ಒಮ್ಮೆಯೂ ಕಸುಬಿನ ಕಣ್ಣಿಂದ ನೋಡಿರಲಿಲ್ಲ.

ಫೋಟೊ ತೆಗೆದ ಕ್ಯಾಮೆರಾವೇ ಸಿಕ್ಕರೆ? ಆ ಯೋಚನೆ ಬಂದ ಮೇಲೆ ಅವಳಿಗೆ ಬೇರೆ ಯಾವ ಬಾಡಿಯೂ ಬೇಡವಾಯಿತು.

ಮುಂದಿನ ಶುಕ್ರವಾರ ರಜೆ ಹಾಕಿ ಮಸ್ಕಿಗೆ ಹೋದಳು. ಗುಡ್ಡದ ಬುಡದ ಓಣಿಯಲ್ಲಿ ಇಸ್ಮಾಯಿಲ್‌ಸಾಬರ ಮನೆ. ಎಪ್ಪತ್ತಾರು ದಾಟಿದ, ಬೆನ್ನು ಸ್ವಲ್ಪ ಬಾಗಿದ, ಮಾತು ಕಡಿಮೆಯ ಮನುಷ್ಯ. ಅವರ ಹೆಂಡತಿ ಮೈಮುನಾಬಿ ಚಹಾ ತಂದಿಟ್ಟು ಬಾಗಿಲ ಪಕ್ಕ ಕೂತರು. ಸಾಬರು ಒಳಗಿಂದ ಒಂದು ಬಾಡಿ ತಂದು ಮುಂದಿಟ್ಟರು. ಅಂಚಿನ ಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ನಿಯಾಜ್ ಹೇಳಿದಂತೆ ಅವಳು ಮುಚ್ಚಳ ತೆಗೆದು ಒಂದೊಂದೇ ವೇಗ ನೋಡಿದಳು. ನಿಧಾನದ ವೇಗಗಳಲ್ಲಿ ಪರದೆ ಅರ್ಧಕ್ಕೆ ನಿಂತು, ಯೋಚಿಸಿ, ಮುಚ್ಚುತ್ತಿತ್ತು.

"ಇದು ಸ್ವಲ್ಪ ತಡೀತೈತ್ರಿ ಚಾಚಾ. ಇನ್ನೊಂದು ತೋರಸ್ತೀರಾ?"

"ಇದ ತಗೋ ಬೇಟಿ. ಎಣ್ಣಿ ಬಿಟ್ರ ಸರಿ ಆಗ್ತೈತಿ. ಸಾವಿರ ಮದಿವಿ ನೋಡೇತಿ ಇದು. ಲಕ್ಷಣದ ಕ್ಯಾಮೆರಾ."

"ನೋಡತೀನಿ ಅಷ್ಟ."

ಸಾಬರು ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಕಪ್ಪು ಚೀಲವೊಂದನ್ನು ತಂದು, ತಾವು ಬಿಚ್ಚದೆ ಅವಳ ಕಡೆ ಸರಿಸಿದರು. ಒಳಗಿದ್ದದ್ದು ಅದೇ ಪೆಂಟಾಕ್ಸ್, ಆದರೆ ನಿನ್ನೆ ಅಂಗಡಿಯಿಂದ ತಂದಂತೆ. ಒಂದು ಗೀರಿಲ್ಲ. ಪ್ರತಿ ವೇಗವೂ ಸ್ಪಷ್ಟ. ಆದರೂ ಕೈಗೆ ತೆಗೆದುಕೊಂಡಾಗ ಅವಳಿಗೇಕೋ ದನಿ ತಗ್ಗಿಸಿ ಮಾತಾಡಬೇಕು ಅನ್ನಿಸಿತು. ಹಿಂದಿನ ಮುಚ್ಚಳ ತೆಗೆದಳು. ರೀಲಿನ ಮೇಲೆ ಬೆಳಕು ಬೀಳುವ ಚೌಕದ ಕಿಂಡಿಯಿರುತ್ತದಲ್ಲ, ಅದರ ಒಂದು ಮೂಲೆಯಲ್ಲಿ ಇಲಿ ಕಡಿದಷ್ಟು ಸಣ್ಣ ಕಚ್ಚು.

"ಇದೇನ್ರಿ?"

"ಗುರ್ತಿಗೆ ಅರದಿಂದ ತಿಕ್ಕೀನಿ. ಎರಡೂ ಒಂದ ನಮೂನಿ ಅದಾವ. ಇದರಾಗ ತೆಗದ ನೆಗೆಟಿವಿಗೆಲ್ಲ ಮೂಲ್ಯಾಗ ಕರೇ ಹಲ್ಲು ಬೀಳತೈತಿ. ಅದು ಇದರಾಗ ಕಲಸಬಾರದಂತ."

"ಕಲಸಿದ್ರ ಏನಾಕ್ಕಿತ್ರಿ?"

"ಒಂದೊಂದಕ್ಕ ಒಂದೊಂದು ಕೆಲಸ ಇರತೈತಿ," ಅಂದರು ಸಾಬರು. ಅಷ್ಟೇ.

ಅವಳು ಮೊಬೈಲಿನಲ್ಲಿ ಅಪ್ಪನ ಫೋಟೊ ತೋರಿಸಿ, ಇದನ್ನು ಯಾವುದರಲ್ಲಿ ತೆಗೆದಿರಿ ಎಂದು ಕೇಳಿದಳು. ಸಾಬರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ನೋಡಿದರು. "ನೆನಪಿಲ್ಲ ಬೇಟಿ. ಬಾಳ ವರ್ಷ ಆತು." ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಆಯಿತು. ಟೋಪಿ ಹಾಕಿಕೊಂಡು, "ಬಂದು ಮದಿವಿದು ಕಟ್ಟಿಕೊಡ್ತೀನಿ," ಎಂದು ಮಸೀದಿಗೆ ನಡೆದರು.

ಮೈಮುನಾಬಿಗೆ ಹುಡುಗಿಯ ಮುಖ ಸಪ್ಪಗಾದದ್ದು ಕಂಡಿತು. "ನಂಬರ್ ಐತೇನವ್ವ? ಇವರು ಒಂದು ನೆಗೆಟಿವೂ ಒಗದಿಲ್ಲ," ಎನ್ನುತ್ತ ಕೆಂಪು ಬಿಸ್ಕೀಟಿನ ಡಬ್ಬಿ ತಂದರು. ಅದರಲ್ಲಿ 411 ಇರಲಿಲ್ಲ. ಎರಡು ಸಲ ಹುಡುಕಿದರು. "ಹಂಗಾದ್ರ ಅದರಾಗ ಇರಬೇಕು," ಎಂದು ಏನೂ ಯೋಚಿಸದೆ ಮಂಚದ ಕೆಳಗಿಂದ ಇನ್ನೊಂದು ಕರೇ ಡಬ್ಬಿ ಎಳೆದುಕೊಟ್ಟು, ಹಾಲು ಉಕ್ಕೀತೆಂದು ಅಡುಗೆಮನೆಗೆ ಹೋದರು.

ಐಶ್ವರ್ಯ ಆ ನಂಬರಿನ ಕಾಗದದ ಲಕೋಟೆಯಿಂದ ಪಟ್ಟಿ ಎಳೆದು ಬಾಗಿಲ ಬೆಳಕಿಗೆ ಹಿಡಿದಳು. ಆರು ಚೌಕಗಳು. ಆರಕ್ಕೂ ಮೂಲೆಯಲ್ಲಿ ಕಪ್ಪು ಹಲ್ಲು. ಅವಳಿಗೆ ಖುಷಿಯಾಯಿತು: ಅಂದರೆ ಈ ಹೊಸದರಂತಿದ್ದ ಬಾಡಿಯೇ. ಅದಾದ ಮೇಲೆಯೇ ಅವಳು ಚೌಕಗಳ ಒಳಗೆ ನೋಡಿದ್ದು. ಮೊದಲನೆಯದರಲ್ಲಿ ಮಾಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತ ಮುದುಕ. ಎರಡನೆಯದರಲ್ಲಿ ಮಾಲೆ ಹಾಕಿಕೊಂಡು ಕೂತ ಹೆಂಗಸು. ಮೂರನೆಯದರಲ್ಲಿ ಮತ್ತೊಬ್ಬರು. ಕೂತವರೆಲ್ಲ ಕೂದಲೆಳೆಯಷ್ಟು ಸ್ಪಷ್ಟವಾಗಿದ್ದರು. ಅಕ್ಕಪಕ್ಕ ನಿಂತವರು ಮಾತ್ರ ಅಲುಗಾಡಿ ಮಸುಕಾಗಿದ್ದರು. ಎಲ್ಲ ಪಡಸಾಲೆಯ ಮಂದ ಬೆಳಕಿನಲ್ಲಿ, ಪರದೆಯನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದವು. ಅಷ್ಟು ಹೊತ್ತು ಉಸಿರಾಡುವವರು ಯಾರೂ ಹಾಗೆ ಕೂರಲಾರರು.

ನಾಲ್ಕನೆಯದು ಅಪ್ಪ.

ಅವಳ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಮೊಬೈಲಿನಲ್ಲಿ ಆ ಚೌಕದ ಫೋಟೊ ಹಿಡಿದು ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ದೊಡ್ಡದು ಮಾಡಿದಳು. ರುಮಾಲು, ವಿಭೂತಿ, ಮಾಲೆ, ಎಲ್ಲ ಮನೆಯ ಫೋಟೊದಲ್ಲಿ ಇದ್ದಂತೆಯೇ. ಗದ್ದದ ಕೆಳಗಿಂದ ತಲೆಗೆ ಬಿಗಿದ ಬಿಳಿ ಬಟ್ಟೆ ಒಂದು ಹೆಚ್ಚಿತ್ತು. ಕಣ್ಣು ಮುಚ್ಚಿದ್ದವು. ಪಕ್ಕದಲ್ಲಿ ಮಸುಕಾದ ಮಗು ಅವನ ಬೆರಳು ಹಿಡಿದು ಮುಖ ಎತ್ತಿ ಅವನನ್ನೇ ನೋಡುತ್ತಿತ್ತು.

ಸಾಬರು ನಮಾಜು ಮುಗಿಸಿ ಬಂದಾಗ ಅವಳು ಹಾಗೇ ಹೊಸ್ತಿಲ ಹತ್ತಿರ ಕೂತಿದ್ದಳು. ಕರೇ ಡಬ್ಬಿ ನೋಡಿ ಅವರು ಬಾಗಿಲಲ್ಲೇ ನಿಂತರು. ಟೋಪಿ ತೆಗೆದು ಕಿಸೆಗೆ ಹಾಕಿಕೊಂಡು, ಎದುರಿಗೆ ನೆಲದ ಮೇಲೆ ಕೂತರು.

"ಬ್ಯಾಡ ಅಂತಿದ್ದೆ ನಾ," ಅಂದರು.

"ಹೇಳ್ರಿ ಚಾಚಾ."

"ಏನ್ ಹೇಳ್ಲಿ? ನಿಮ್ಮ ಮಂದಿ ಹೋದವರನ್ನ ಕುಂದ್ರಿಸಿ ಪೂಜಿ ಮಾಡ್ತಾರ. ಆವಾಗ ಫೋಟೊ ಬೇಕಂತ ಕರಿಯಾಕ ಬರ್ತಿದ್ರು. ಸಿಂಧನೂರು, ತುರ್ವಿಹಾಳ, ಎಲ್ಲಿಂದೆಲ್ಲ. ಅದ ಕ್ಯಾಮೆರಾ ಮದಿವಿಗೂ ಒಯ್ತೀನಂತ ಗೊತ್ತಾಗಿ ಮದಿವಿ ಮಂದಿ ಬ್ಯಾಡ ಅಂದ್ರು. ಅದಕ್ಕ ಸತ್ತವರಿಗಂತ ಇದನ್ನ ಬ್ಯಾರೆ ತಗೊಂಡೆ. ಇದಕ್ಕ ಮಣ್ಣಿನ ಕ್ಯಾಮೆರಾ ಅಂತ ಮಂದೀನ ಹೆಸರಿಟ್ರು. ಈ ಕರೇ ಚೀಲ ಹಿಡಕೊಂಡು ಬಸ್ ಹತ್ತಿದ್ರ ಮಗ್ಗಲಾಗ ಯಾರೂ ಕುಂದ್ರತಿರಲಿಲ್ಲ."

ಆ ಸೀಮೆಯಲ್ಲಿ ಮಣ್ಣು ಅಂದರೆ ಸತ್ತವರ ಕೊನೆಯ ಕಾರ್ಯ. ಮಣ್ಣಿಗೆ ಹೋಗಿದ್ದೆ ಅಂದರೆ ಯಾರನ್ನೋ ಹೂಳಿ ಬಂದೆ ಅಂತ.

"ನಮ್ಮ ಮನ್ಯಾಗಿರೋ ಫೋಟೊದಾಗ ಕಣ್ಣು ತೆರದಾವ," ಅಂದಳು ಐಶ್ವರ್ಯ.

"ನಾ ಬರದೀನಿ."

ಒಳಗಿನಿಂದ ಬಂದ ಮೈಮುನಾಬಿ ಏನಾಗಿದೆಯೆಂದು ಅರಿತು, ಸೆರಗನ್ನು ಬಾಯಿಗೆ ಹಿಡಿದು ನಿಂತರು.

"ಫೋಟೊ ಒಯ್ದ ಎಂಟು ದಿನಕ್ಕ ನಿಮ್ಮವ್ವ ತಿರುಗಿ ಬಂದಳು, ನಿನ್ನ ಬಗಲಾಗ ಎತಗೊಂಡು. ಕಣ್ಣು ತೆರಸಿ ಕೊಡ್ರಿ ಸಾಬ್ರ ಅಂದಳು. ಗದ್ದದ ಬಟ್ಟಿ ತೆಗೆಯೋದು ಹಗೂರ, ಕಣ್ಣು ಬರಿಯಾಕ ನೋಡಿ ಬರೀಬೇಕಲ್ಲ. ತೆರದ ಕಣ್ಣಿನ ಫೋಟೊ ಒಂದರ ಕೊಡವ್ವ ಅಂದೆ. ಇರಲಿಲ್ಲ. ಮದಿವ್ಯಾಗೂ ತೆಗಸಿರಲಿಲ್ಲಂತ. ಹೆಂಗಿದ್ದವು ಹೇಳು ಅಂದೆ. ಬಾಯಿ ತೆರದಳು, ಮಾತು ಬರಲಿಲ್ಲ." ಸಾಬರು ತಮ್ಮ ಅಂಗೈ ನೋಡಿಕೊಂಡರು. "ನೀ ನನ್ನ ಕುಂಚ ನೋಡಾಕತ್ತಿದ್ದಿ. ರೆಪ್ಪಿ ಬಡೀಲಾರದಂಗ. ನಿನ್ನ ಮುಂದ ಕುಂದ್ರಿಸಿಕೊಂಡು, ನಿನ್ನ ನೋಡಿ ಬರದೆ."

ಐಶ್ವರ್ಯ ಆ ದಿನ ಯಾವ ಬಾಡಿಯನ್ನೂ ತರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಬಳಗಾನೂರು ದಾಟುವ ಹೊತ್ತಿಗೆ ಬಿಸಿಲು ಇಳಿದು ಕಿಟಕಿಯ ಗಾಜಿನಲ್ಲಿ ಮುಖ ಮೂಡತೊಡಗಿತು. ಹಿಂದೆ ಭತ್ತದ ಗದ್ದೆ ಓಡುತ್ತಿತ್ತು, ಮುಂದೆ ಎರಡು ಕಣ್ಣು ನಿಂತಲ್ಲೇ ನಿಂತು ಅವಳನ್ನು ನೋಡುತ್ತಿದ್ದವು. ಇಪ್ಪತ್ತೇಳು ವರ್ಷ ಗೋಡೆಯ ಮೇಲಿಂದ ನೋಡಿದವೂ ಇವೇ. ಪರೀಕ್ಷೆಗೆ ಹೋಗುವಾಗ ಕೈ ಮುಗಿದದ್ದು ಇವಕ್ಕೆ. ಅತ್ತಾಗ ಇವು ನೋಡುತ್ತಿವೆ ಎಂದು ಸಮಾಧಾನ ಮಾಡಿಕೊಂಡಿದ್ದೂ ಇವುಗಳ ಮುಂದೆ. ಅವಳು ಎದ್ದು ಹೋಗಿ ಬಾಗಿಲ ಬಳಿ ನಿಂತಳು. ಗೊರೇಬಾಳಕ್ಕೆ ಬಂದು ಇಳಿಯುವ ತನಕ ನಿಂತೇ ಇದ್ದಳು.

ಕಸ್ತೂರೆಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಐಶ್ವರ್ಯ ಚೀಲವನ್ನೂ ಇಳಿಸದೆ ಅವಳ ಮುಂದೆ ಕೂತು, "ಮಸ್ಕಿಗೆ ಹೋಗಿದ್ದೆ. ಫೋಟೊ ತೆಗದವರ ಮನಿಗೆ," ಅಂದಳು.

ಮೊರದ ಮೇಲಿದ್ದ ಅವ್ವನ ಕೈ ನಿಂತಿತು.

"ಬಸವ ಜಯಂತಿ ಅಂದಿದ್ದಿ ಯವ್ವಾ."

"ಏನ್ ಹೇಳಬೇಕಿತ್ತು ನಿನಗ?" ಕಸ್ತೂರೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಇಷ್ಟು ವರ್ಷ ಎತ್ತಿ ಹಿಡಿದದ್ದನ್ನು ಕೆಳಗಿಟ್ಟವಳ ದಣಿವಿತ್ತು. "ಮೊದಲ ಬಂದ ಫೋಟೊದಾಗ ಕಣ್ಣು ಮುಚ್ಚಿದ್ದವು. ಗ್ವಾಡಿಗೆ ಹಾಕಿದೆ. ನೀ ಅದರ ಕೆಳಗ ನಿಂತು, ಅಪ್ಪಾ ಏಳು, ಅಪ್ಪಾ ಏಳು ಅಂತ ಶುರು ಮಾಡಿದಿ. ಉಣ್ಣಲಿಲ್ಲ. ಕೋಲು ತಗೊಂಡು ಫೋಟೊ ಬಡಿದು ಎಬ್ಬಸ್ತಿದ್ದಿ. ಒಂದಿನ ಅಲ್ಲ, ಎಂಟು ದಿನ. ನಾ ಏನು ಮಾಡ್ಲಿ? ಫೋಟೊ ಹೊತ್ಕೊಂಡು ಹೋದೆ. ತಿರುಗಿ ತಂದು ಹಾಕಿದ ದಿನ ನೀ ನೋಡಿದಿ, ಅಪ್ಪ ಎದ್ದ ಅಂದಿ. ಗಂಗಾಳ ತುಂಬ ಉಂಡಿ."

ಐಶ್ವರ್ಯ ಗೋಡೆಯ ಕಡೆ ತಿರುಗಲಿಲ್ಲ. "ಅವು ನನ್ನ ಕಣ್ಣು," ಅಂದಳು.

"ನನಗ ಗೊತ್ತೈತಿ. ಬರಿಯಾಗ ಅಲ್ಲೇ ಇದ್ದೆ." ಕಸ್ತೂರೆಮ್ಮ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ಮಗಳಿಗೋ ತನಗೋ ಹೇಳಿಕೊಂಡಂತೆ, "ಅವರವು ಹೆಂಗಿದ್ದವಂತ ನನಗ ಮರತ ಹೋಗೇತಿ. ಇವನ್ನ ನೋಡಿ ನೋಡಿ," ಅಂದಳು.

ಮರುದಿನದಿಂದ ಕೆಲಸಕ್ಕೆ ಕೂತರೆ ಕೈ ಓಡುತ್ತಿರಲಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಮೌಸ್ ತಂದು ನಿಲ್ಲಿಸಿದರೆ ಬೆರಳು ಒತ್ತಲು ಒಪ್ಪದು. ಜವಳಗೇರಾದ ಮದುವೆಯ ಆಲ್ಬಮ್ಮಿನಲ್ಲಿ ಹನ್ನೊಂದು ಜೋಡಿ ಕಣ್ಣು ಮುಚ್ಚಿಯೇ ಹೋದವು. ಫೈಜಲ್ ಬಂದು, "ಆರಾಮ ಇಲ್ಲೇನು? ನಾಕು ದಿನ ಮನ್ಯಾಗಿರು," ಅಂದ. ಅವಳು ಮನೆಯಲ್ಲಿ ಇರಲಾರಳು. ಅಲ್ಲಿ ಗೋಡೆಯಿತ್ತು.

ಮುಂದಿನ ಶುಕ್ರವಾರ ಮತ್ತೆ ಮಸ್ಕಿ ಬಸ್ ಹತ್ತಿದಳು. ಇಸ್ಮಾಯಿಲ್‌ಸಾಬರು ಮದುವೆಯ ಬಾಡಿಗೆ ಎಣ್ಣೆ ಬಿಟ್ಟು, ಒರೆಸಿ, ಪೇಪರಿನಲ್ಲಿ ಕಟ್ಟಿಟ್ಟಿದ್ದರು. ಪರದೆ ಈಗ ತಡೆಯುತ್ತಿರಲಿಲ್ಲ. ಆರಿಸುವವರಿಗೆ ಅದರಲ್ಲಿ ಇನ್ನು ಯಾವ ಕೊರತೆಯೂ ಇರಲಿಲ್ಲ.

"ಅದು ಬ್ಯಾಡ್ರಿ. ಇನ್ನೊಂದು ಕೊಡ್ರಿ," ಅಂದಳು.

"ಅದರ ಮುಂದ ಕುಂತು ಯಾರೂ ನಕ್ಕಿಲ್ಲ ಬೇಟಿ. ವಯಸ್ಸಿನಾಕಿ ನೀ. ಅದನ್ನ ತಗೊಂಡು ಏನು ಮಾಡ್ತಿ?"

"ಮದಿವಿದರಾಗ ನಮ್ಮಪ್ಪ ಇಲ್ಲಲ್ರಿ ಚಾಚಾ."

ಸಾಬರು ಪೇಪರಿನ ಕಟ್ಟನ್ನು ಬದಿಗೆ ಸರಿಸಿದರು. ಆಮೇಲೆ ಕಪ್ಪು ಚೀಲವನ್ನು ತಂದರು. ಅದರ ಜೊತೆ ಕರೇ ಡಬ್ಬಿಯನ್ನೂ ತಂದು ಮೇಲಿಟ್ಟರು. "ಹಂಗಾದ್ರ ಇದನ್ನೂ ಒಯ್ಯಬೇಕು. ನನಗ ಇವರೆಲ್ಲರ ಊರು, ಹೆಸರು ಗೊತ್ತು. ಲಕೋಟಿ ಮ್ಯಾಲೆ ಬರದೀನಿ. ನಾ ಹೋದ ಮ್ಯಾಲೆ ನನ್ನ ಮಕ್ಕಳು ಇವನ್ನ ಗುಜರಿಗೆ ಹಾಕ್ತಾರ. ಕ್ಯಾಮೆರಾ ಒಂದ ಒಯ್ಯೋದಾದ್ರ ಬ್ಯಾಡ."

ಐಶ್ವರ್ಯ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟಳು. ನೂರಾರು ಮಂದಿ, ಎಲ್ಲ ನೆಟ್ಟಗೆ ಕೂತವರು. ಒಪ್ಪಿಕೊಳ್ಳುವ ಮೊದಲು ಅವಳಿಗೆ ನಿಜವಾಗಿ ಅಂಜಿಕೆಯಾಯಿತು. ಆದರೂ ಹೂಂ ಅಂದಳು. ಮೈಮುನಾಬಿ ಹಳೇ ದುಪಟ್ಟಾದಲ್ಲಿ ಡಬ್ಬಿ ಕಟ್ಟಿ, ಏನೋ ದುವಾ ಓದಿ ಊದಿ ಅವಳ ಕೈಗೆ ಕೊಟ್ಟರು.

ಮಸ್ಕಿ ಬಸ್ ನಿಲ್ದಾಣದಲ್ಲಿ ಕೂತು ಲೆನ್ಸ್ ಸಿಕ್ಕಿಸಿದಳು. ಟಕ್ಕೆಂದು ಕೂತಿತು. ಕಣ್ಣಿಗೆ ಹಿಡಿದು ಎದುರಿನ ಬೆಂಚು ನೋಡಿದಳು. ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಬೀಡಿ ಆರಿಸಿದ ಮುದುಕ, ಕಾಲೇಜಿನ ಇಬ್ಬರು ಹುಡುಗಿಯರು. ಈಗಷ್ಟೇ ಗದ್ದಲ ಮಾಡುತ್ತಿದ್ದವರು ಆ ಸಣ್ಣ ಕಿಂಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಮಾತು ಬಿಟ್ಟು, ಯಾವುದಕ್ಕೋ ಕಾಯುತ್ತ ಕೂತಂತೆ ಕಂಡರು. ಕ್ಯಾಮೆರಾ ಇಳಿಸಿದಳು. ಗದ್ದಲ ಇದ್ದೇ ಇತ್ತು. ಮತ್ತೆ ಹಿಡಿದಳು. ಸುಮ್ಮನಾದರು. ಅವಳು ಗುಂಡಿ ಒತ್ತಲಿಲ್ಲ. ಆಮೇಲೆ ಅವಳು ತೆಗೆದ ಮೊದಲ ರೀಲಿನ ಮೂವತ್ತಾರು ಫೋಟೊಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಾಲುವೆ, ತೂಬು, ನಾಟಿ ಹಾಕಿದ ಗದ್ದೆ, ಅಪ್ಪನಿಗೆ ಹಾವು ಕಡಿದ ಬದು, ಇಷ್ಟೇ.

ರೀಲು ತೊಳೆಯುವುದನ್ನು ಸಾಬರೇ ಮಸ್ಕಿಯಲ್ಲಿ ಅವಳಿಗೆ ಕಲಿಸಿದರು. ಆಮೇಲೆ ಒಂದು ಮಧ್ಯಾಹ್ನ ಫೈಜಲ್ ಊಟಕ್ಕೆ ಹೋದಾಗ ಅವಳು 411ನ್ನು ಸ್ಕ್ಯಾನ್ ಮಾಡಿದಳು. ಕಂಪ್ಯೂಟರಿನ ಪರದೆಯ ತುಂಬ ಅಪ್ಪನ ಮುಖ ಬಂತು. ಬಲಗೈ ರೂಢಿಯಂತೆ ರೆಪ್ಪೆಯ ಕಡೆ ಸರಿಯಿತು. ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡಳು. ಗೀರು, ಧೂಳು ಏನನ್ನೂ ಮುಟ್ಟದೆ ಪ್ರಿಂಟ್ ತೆಗೆದಳು.

ಮನೆಗೆ ತಂದು ಅವ್ವನ ಕೈಗೆ ಕೊಟ್ಟಾಗ ಕಸ್ತೂರೆಮ್ಮ ಕೂಡಲೇ ನೋಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲ ಬೆಳಕಿಗೆ ಹೋದಳು. ಮುಚ್ಚಿದ ಕಣ್ಣಿನ ಮೇಲೆ, ಹುಬ್ಬಿನ ಮೇಲೆ, ಬಿಗಿದ ಬಟ್ಟೆಯಿಂದ ಸ್ವಲ್ಪ ಸೊಟ್ಟಗಾದ ತುಟಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇವರು," ಅಂದಳು. "ಇವರು ಖರೇ."

"ಗ್ವಾಡಿಗೆ ಹಾಕೂನೇನು?"

"ಬ್ಯಾಡ. ಅದು ನಿನ್ನದು, ಅಲ್ಲೇ ಇರಲಿ. ಇದು ನನಗಿರಲಿ."

ಗೋಡೆಯ ಫೋಟೊ ಅಲ್ಲೇ ಇದೆ. ಐಶ್ವರ್ಯ ಈಗ ಅದಕ್ಕೆ ಬೆನ್ನು ಮಾಡಿ ತಲೆ ಬಾಚಿಕೊಳ್ಳುತ್ತಾಳೆ. ಇನ್ನೊಂದನ್ನು ಕಸ್ತೂರೆಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಮಧ್ಯಾಹ್ನ ಉಂಡಾದ ಮೇಲೆ ಟ್ರಂಕು ತೆರೆಯುವ ಸಪ್ಪಳ ಕೇಳುತ್ತದೆ. ಆಮೇಲೆ ಒಳಗಿನ ಕೋಣೆಯಿಂದ ಅವ್ವನ ದನಿ: ಕಾಲುವೆಗೆ ನೀರು ಬಿಟ್ಟಾರಂತ, ನಾಳೆ ಆಳು ಬರ್ತಾರಂತ, ಎಮ್ಮಿ ಹಾಲು ಕಡಿಮಿ ಆಗೇತಿ. ನಡುನಡುವೆ, ಇನ್ನೊಬ್ಬರು ಮಾತಾಡುವಷ್ಟು ಹೊತ್ತು ಸುಮ್ಮನಾಗುತ್ತಾಳೆ. ಭಾನುವಾರ ಮನೆಯಲ್ಲಿದ್ದರೆ ಐಶ್ವರ್ಯ ಪಡಸಾಲೆಯಲ್ಲಿ ಕೂತು ಅದನ್ನು ಕೇಳುತ್ತಾಳೆ. ಒಳಗೆ ಹೋಗುವುದಿಲ್ಲ.